ಹೊಕ್ಕುಳಿನ ಗುಟ್ಟು

ಶಾಲೆಯಲ್ಲಿ ಇತಿಹಾಸ ಪಾಠ ಮಾಡುವವರಿಗೆಲ್ಲ ಒಂದು ಅಭ್ಯಾಸವಿರುತ್ತದೆ. ರಾಜ ಪಟ್ಟಕ್ಕೆ ಬಂದ ವರ್ಷ, ಯುದ್ಧ ಗೆದ್ದ ವರ್ಷ, ತೀರಿಕೊಂಡ ವರ್ಷ, ಈ ಮೂರನ್ನೂ ಬೋರ್ಡಿನ ಮೇಲೆ ಬರೆದು ಕೆಳಗೊಂದು ಗೆರೆ ಎಳೆದುಬಿಡುತ್ತೇವೆ. "ಹೇಗೆ ತೀರಿಕೊಂಡ ಮಿಸ್?" ಎಂದು ಯಾವುದಾದರೂ ಮಗು ಎದ್ದು ಕೇಳಿದರೆ, ಯುದ್ಧದಲ್ಲಾದರೆ ವಿವರವಾಗಿ ಹೇಳುತ್ತೇವೆ. ಕಾಯಿಲೆಯಾದರೆ "ಅನಾರೋಗ್ಯದಿಂದ" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ರಾಣಿಯರಿಗಂತೂ ಆ ಒಂದು ಮಾತೂ ಸಿಗುವುದು ಕಷ್ಟ. ಅವರು ಮದುವೆಯಾದರು, ಇಷ್ಟು ಮಕ್ಕಳನ್ನು ಹೆತ್ತರು, ಅಲ್ಲಿಗೆ ಅವರ ಪಾಠ ಮುಗಿಯಿತು.

ಇಂಗ್ಲೆಂಡಿನ ರಾಣಿ ಕ್ಯಾರೊಲಿನ್ ಕೂಡ ನಮಗೆ ಹಾಗೆಯೇ ಒಂದು ಹೆಸರು. ಎರಡನೆಯ ಜಾರ್ಜ್ ದೊರೆಯ ಹೆಂಡತಿ. ಆದರೆ ಈಕೆ ಹೇಗೆ ಸತ್ತಳು ಎಂಬುದನ್ನು ಓದಿದ ಮೇಲೆ ನನಗೆ ಅವಳು ಬರೀ ಹೆಸರಾಗಿ ಉಳಿಯಲಿಲ್ಲ. ಅವಳು ಸತ್ತದ್ದು ಹೊಕ್ಕುಳಿನ ಹರ್ನಿಯಾದಿಂದ. ಅದಕ್ಕಿಂತ ಹೆಚ್ಚಾಗಿ, ಅದನ್ನು ಮುಚ್ಚಿಟ್ಟಿದ್ದರಿಂದ. ಅದೇ ದೇಶದಲ್ಲಿ, ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಮಾರ್ಗರೆಟ್ ವೈಟ್ ಎಂಬ ಸಾಮಾನ್ಯ ಮುದುಕಿಯೊಬ್ಬಳಿಗೆ ಅದೇ ಕಾಯಿಲೆ ಬಂದು, ಅದೇ ರೀತಿ ಕರುಳು ಕೊಳೆತು, ಆಕೆ ಬದುಕಿ ಉಳಿದಳು. ಈ ಇಬ್ಬರು ಹೆಂಗಸರ ಕಥೆ ನಮ್ಮ ಮನೆಗಳಿಗೂ ಸಂಬಂಧಪಟ್ಟದ್ದು. ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಹರ್ನಿಯಾ ಎಂದರೇನು ಎಂದು ನೋಡೋಣ. ಹೊಟ್ಟೆಯ ಗೋಡೆ ಮಾಂಸಖಂಡಗಳಿಂದ ಹೆಣೆದ ಒಂದು ಗಟ್ಟಿ ಚೀಲ. ಕರುಳುಗಳು ಅದರೊಳಗೆ ಅಚ್ಚುಕಟ್ಟಾಗಿ ಕೂತಿರುತ್ತವೆ. ಹಳೆಯ ದಿಂಬಿನ ಹೊಲಿಗೆ ಸಡಿಲವಾದ ಕಡೆ ಹತ್ತಿ ಹೊರಗೆ ಇಣುಕುವುದಿಲ್ಲವೇ, ಹಾಗೆ ಗೋಡೆ ದುರ್ಬಲವಾದ ಕಡೆ ಕರುಳು ಮುಂದಕ್ಕೆ ಉಬ್ಬಿ ಬರುತ್ತದೆ. ಮೇಲೆ ಚರ್ಮ ಇರುವುದರಿಂದ ನಮಗೆ ಕಾಣುವುದು ಒಂದು ಗಡ್ಡೆ ಮಾತ್ರ. ಕೆಮ್ಮಿದರೆ ದೊಡ್ಡದಾಗುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಮೇಲಿಂದ ಮೇಲೆ ಹೆರಿಗೆಯಾದವರಿಗೆ ಹೊಕ್ಕುಳಿನ ಸುತ್ತ ಗೋಡೆ ಸಡಿಲವಾಗಿ ಹೀಗಾಗುವುದು ಹೆಚ್ಚು.

ಒಳಗೆ ಹೋಗುವವರೆಗೆ ದೊಡ್ಡ ಅಪಾಯವಿಲ್ಲ. ಹೊರಬಂದ ಕರುಳು ಸಂದಿಯಲ್ಲಿ ಸಿಕ್ಕಿಕೊಂಡರೆ ಮಾತ್ರ ಕಥೆ ಬೇರೆ. ಬೆರಳಿಗೆ ದಾರ ಬಿಗಿಯಾಗಿ ಸುತ್ತಿ ನೋಡಿ. ಮೊದಲು ಕೆಂಪಾಗುತ್ತದೆ, ಊದುತ್ತದೆ, ಆಮೇಲೆ ನೀಲಿಯಾಗುತ್ತದೆ. ರಕ್ತ ಹಿಂದಿರುಗುವ ನಾಳಗಳು ತೆಳು, ಅವು ಮೊದಲು ಮುಚ್ಚುತ್ತವೆ. ಒಳಗೆ ಬಂದ ರಕ್ತ ನಿಂತು ಕರುಳು ಊದುತ್ತದೆ. ಊದಿದಷ್ಟೂ ಬಿಗಿ ಹೆಚ್ಚಾಗಿ, ಕೊನೆಗೆ ರಕ್ತ ತರುವ ನಾಳವೂ ಮುಚ್ಚುತ್ತದೆ. ಆಮೇಲೆ ಲೆಕ್ಕ ದಿನಗಳಲ್ಲಲ್ಲ, ಗಂಟೆಗಳಲ್ಲಿ. ಕರುಳು ಕಪ್ಪಾಗಿ, ಸತ್ತು, ತೂತು ಬೀಳುತ್ತದೆ. ಒಳಗಿನ ಕಶ್ಮಲ ಹೊಟ್ಟೆಯೊಳಗೆಲ್ಲ ಹರಡಿದರೆ ಜೀವವೇ ಹೋಗುತ್ತದೆ.

ಕ್ಯಾರೊಲಿನ್ ಹುಟ್ಟಿದ್ದು 1683ರಲ್ಲಿ, ಜರ್ಮನಿಯ ಆನ್ಸ್‌ಬಾಖ್‌ನಲ್ಲಿ. ಓದಿಕೊಂಡ ಹೆಣ್ಣು, ತತ್ತ್ವಜ್ಞಾನಿಗಳ ಜೊತೆ ಪತ್ರವ್ಯವಹಾರ ಇಟ್ಟುಕೊಂಡವಳು. 1727ರಲ್ಲಿ ಗಂಡ ದೊರೆಯಾದ ಮೇಲೆ ರಾಜ್ಯದ ಸೂತ್ರ ಬಹುಮಟ್ಟಿಗೆ ಇವಳ ಕೈಯಲ್ಲೇ ಇತ್ತು ಎನ್ನುತ್ತಾರೆ. ಧೈರ್ಯಕ್ಕೂ ಕೊರತೆಯಿರಲಿಲ್ಲ. ಆಗ ಸಿಡುಬು ಮನೆಮನೆಗಳನ್ನು ಬರಿದು ಮಾಡುತ್ತಿದ್ದ ಕಾಲ. ಸಿಡುಬಿನ ಕೀವನ್ನು ಆರೋಗ್ಯವಂತರ ಚರ್ಮಕ್ಕೆ ಸೋಕಿಸಿ ರೋಗ ತಡೆಯುವ ಪದ್ಧತಿಯನ್ನು ಲೇಡಿ ಮೇರಿ ಮಾಂಟೆಗ್ಯು ಎಂಬಾಕೆ ಟರ್ಕಿಯಲ್ಲಿ ಕಂಡು ಇಂಗ್ಲೆಂಡಿಗೆ ತಂದಿದ್ದಳು. ವೈದ್ಯರು, ಪಾದ್ರಿಗಳು ಕೂಗಾಡುತ್ತಿದ್ದಾಗ ಕ್ಯಾರೊಲಿನ್ 1722ರಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳಿಗೇ ಅದನ್ನು ಮಾಡಿಸಿದಳು. ಜೆನ್ನರ್ ದನದ ಸಿಡುಬಿನ ಲಸಿಕೆ ಪ್ರಯೋಗಿಸಿದ್ದು 1796ರಲ್ಲಿ. ಅದಕ್ಕೂ ಎಪ್ಪತ್ತನಾಲ್ಕು ವರ್ಷ ಮೊದಲಿನ ಮಾತಿದು. ಎಂಥ ಎದೆಗಾರಿಕೆ ನೋಡಿ!

ಅಂಥವಳಿಗೆ ತನ್ನ ಹೊಕ್ಕುಳಿನ ವಿಷಯ ಹೇಳಲು ಬಾಯಿ ಬರಲಿಲ್ಲ. ಎಂಟನೆಯ ಮಗು ಲೂಯಿಸಾ 1724ರಲ್ಲಿ ಹುಟ್ಟಿದ ಮೇಲೆ ಹೊಕ್ಕುಳಲ್ಲಿ ಹರ್ನಿಯಾ ಕಾಣಿಸಿಕೊಂಡಿತು. ಗಂಡನಿಗೆ ಗೊತ್ತಿತ್ತು. ಯಾರಿಗೂ ಹೇಳಕೂಡದೆಂದು ಅವನಿಗೂ ಕಟ್ಟಪ್ಪಣೆ. ದೇಹದಲ್ಲಿ ಊನವಿದೆ ಎಂದು ತಿಳಿದರೆ ದೊರೆಯ ಮೇಲಿನ ತನ್ನ ಹಿಡಿತ ಹೋದೀತು ಎಂಬ ಭಯ ಅವಳಿಗಿತ್ತೆಂದು ಅರಮನೆಯಲ್ಲೇ ಇದ್ದ ಲಾರ್ಡ್ ಹರ್ವಿ ತನ್ನ ನೆನಪಿನ ಪುಸ್ತಕದಲ್ಲಿ ಬರೆದಿದ್ದಾನೆ. ಹದಿಮೂರು ವರ್ಷ ಆ ಗುಟ್ಟನ್ನು ರೇಷ್ಮೆಯ ನೆರಿಗೆಗಳ ಅಡಿಯಲ್ಲಿ ಇಟ್ಟುಕೊಂಡೇ ಅವಳು ದರ್ಬಾರು ನಡೆಸಿದಳು.

1737ರ ನವೆಂಬರ್ 9ರಂದು, ಹೊಸದಾಗಿ ಕಟ್ಟಿಸಿದ್ದ ತನ್ನ ಗ್ರಂಥಾಲಯದಲ್ಲಿದ್ದಾಗ ಹೊಟ್ಟೆ ಹಿಂಡಿದಂತೆ ನೋವು ಬಂತು. ಹಾಸಿಗೆ ಹಿಡಿದಳು. ವಾಂತಿ ಶುರುವಾಯಿತು. ವೈದ್ಯರು ಹೊಟ್ಟೆಶೂಲೆ ಎಂದುಕೊಂಡು ಕಷಾಯದ ಮೇಲೆ ಕಷಾಯ ಕುಡಿಸಿದರು, ರಕ್ತ ತೆಗೆದರು. ಕುಡಿಸಿದ್ದೆಲ್ಲ ಹೊರಗೆ ಬಂತು. ಅವಳೋ, ಹೊಟ್ಟೆ ತೋರಿಸಲೇ ಇಲ್ಲ. ಗಂಡ ಹತ್ತಿರ ಬಂದು, "ಇದು ಅದೇ ಇರಬಹುದು" ಎಂಬರ್ಥದಲ್ಲಿ ಪಿಸುಗುಟ್ಟಿದರೂ ಅಲ್ಲವೆಂದಳು. ಕೊನೆಗೆ ದೊರೆಯೇ ಮಾತು ಮುರಿದು ಶಸ್ತ್ರವೈದ್ಯ ರ‍್ಯಾನ್ಬಿಗೆ ಹೇಳಿಬಿಟ್ಟ. ಅಷ್ಟರಲ್ಲಿ ಅಮೂಲ್ಯವಾದ ಹೊತ್ತು ಕಳೆದುಹೋಗಿತ್ತು.

ಅರಿವಳಿಕೆ ಎಂಬುದಿಲ್ಲದ ಕಾಲ. ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುವುದು ಜಗತ್ತಿಗೆ ತಿಳಿದದ್ದು 1846ರಲ್ಲಿ. ಎಚ್ಚರವಿದ್ದಂತೆಯೇ ಅವಳ ಹೊಟ್ಟೆಯ ಮೇಲೆ ಕತ್ತಿಯಾಡಿತು, ಒಂದಲ್ಲ, ಹಲವು ಸಲ. ಆ ನೋವಿನಲ್ಲೂ ಅವಳು ರ‍್ಯಾನ್ಬಿಗೆ, ನಿನ್ನ ಜಗಳಗಂಟಿ ಹೆಂಡತಿಯನ್ನೇ ಕೊಯ್ಯುತ್ತಿದ್ದೇನೆ ಎಂದುಕೋ ಎಂಬಂತೆ ತಮಾಷೆ ಮಾಡಿದಳಂತೆ. ನವೆಂಬರ್ 17ರಂದು ಸತ್ತ ಕರುಳು ಒಡೆಯಿತು. 20ರಂದು ರಾಣಿ ತೀರಿಕೊಂಡಳು. ವಯಸ್ಸು ಐವತ್ತನಾಲ್ಕು. ಹರ್ವಿಯ ಪುಸ್ತಕ ಅಚ್ಚಾಗಿ ಹೊರಬಂದದ್ದು 1848ರಲ್ಲಿ.

ಇದರಲ್ಲಿ ಇನ್ನೊಂದು ಸಂಕಟದ ಎಳೆಯಿದೆ. ಯಾವ ಮಗುವನ್ನು ಹೆತ್ತ ಮೇಲೆ ತಾಯಿಗೆ ಹರ್ನಿಯಾ ಬಂತೋ, ಆ ಲೂಯಿಸಾ ಬೆಳೆದು ಡೆನ್ಮಾರ್ಕಿನ ರಾಣಿಯಾದಳು. 1751ರ ಡಿಸೆಂಬರಿನಲ್ಲಿ, ಗರ್ಭಿಣಿಯಾಗಿದ್ದಾಗ, ಅವಳೂ ಹೊಕ್ಕುಳಿನ ಹರ್ನಿಯಾ ಬಿಗಿದುಕೊಂಡು ಸತ್ತಳು. ಆಗಷ್ಟೇ ಇಪ್ಪತ್ತೇಳು ತುಂಬಿತ್ತು. ತಾಯಿಯಿಂದ ಮಗಳಿಗೆ ಒಡವೆ ಹೋಗುತ್ತದೆ, ಸೀರೆ ಹೋಗುತ್ತದೆ. ಇಲ್ಲಿ ಹೋದದ್ದು ಇದು.

ಈಗ ಇನ್ನೊಬ್ಬಳ ಕಥೆ. ಆ ಕಾಲದ ಲಂಡನ್ನಿನಲ್ಲಿ ವಿಲಿಯಂ ಚೆಸಲ್ಡನ್ ಎಂಬ ಹೆಸರಾಂತ ಶಸ್ತ್ರವೈದ್ಯನಿದ್ದ. ಮೂತ್ರಕೋಶದ ಕಲ್ಲನ್ನು ಒಂದು ನಿಮಿಷದ ಆಸುಪಾಸಿನಲ್ಲಿ ತೆಗೆಯುವಷ್ಟು ಕೈಚಳಕ. ಅರಿವಳಿಕೆಯಿಲ್ಲದ ದಿನಗಳಲ್ಲಿ ಆ ಒಂದು ನಿಮಿಷದ ಬೆಲೆ ರೋಗಿಗೇ ಗೊತ್ತು. 1727ರಲ್ಲಿ ಅವನು ರಾಣಿ ಕ್ಯಾರೊಲಿನಳ ಶಸ್ತ್ರವೈದ್ಯನಾಗಿಯೂ ನೇಮಕವಾದ. ಆಮೇಲೆ ಅರಮನೆಯ ಕೃಪೆ ತಪ್ಪಿತು. ರಾಣಿಯ ಕೊನೆಯ ಕಾಯಿಲೆಯಲ್ಲಿ ಅವನನ್ನು ಕರೆಸಲಿಲ್ಲ. ಆದರೆ ಮಾರ್ಗರೆಟ್ ವೈಟ್‌ಳ ಮನೆಗೆ ಅವನು ಹೋದ.

ಮನುಷ್ಯ ದೇಹದ ರಚನೆಯ ಬಗ್ಗೆ ಅವನು ಬರೆದ ಪುಸ್ತಕ ಮೊದಲು ಬಂದದ್ದು 1713ರಲ್ಲಿ. ಅದರ ಮುಂದಿನ ಆವೃತ್ತಿಯೊಂದರಲ್ಲಿ ಈಕೆಯ ವಿಷಯ ಕೆಲವೇ ಸಾಲುಗಳಲ್ಲಿದೆ. ಐವತ್ತರ ವಯಸ್ಸಿನಲ್ಲಿ ಹೊಕ್ಕುಳಿನ ಹರ್ನಿಯಾ. ಎಪ್ಪತ್ತಮೂರರವರೆಗೆ ಹೇಗೋ ನಡೆಯಿತು. ಆಮೇಲೊಮ್ಮೆ ಹೊಟ್ಟೆ ನುಲಿದು ನೋವು ಬಂತು, ಕರುಳು ಕೊಳೆಯಿತು, ವಾಂತಿಯಾಗುತ್ತಿದ್ದಾಗ ಹರ್ನಿಯಾ ಒಡೆದೇಹೋಯಿತು. ಚೆಸಲ್ಡನ್ ಹೋಗಿ ನೋಡಿದಾಗ ಸುಮಾರು ಇಪ್ಪತ್ತಾರೂವರೆ ಅಂಗುಲ ಕರುಳು ಸತ್ತು ಹೊರಗೆ ನೇತಾಡುತ್ತಿತ್ತು. ಅವನು ಸತ್ತ ಭಾಗವನ್ನು ಕತ್ತರಿಸಿ ತೆಗೆದ. ಜೀವವಿದ್ದ ಕರುಳಿನ ತುದಿಯನ್ನು ಒಳಗೆ ತಳ್ಳದೆ ಹೊಕ್ಕುಳಲ್ಲೇ ಹೊರಗೆ ಬಿಟ್ಟ. ಅದು ಅಲ್ಲಿಗೇ ಅಂಟಿಕೊಂಡಿತು. ಮಾರ್ಗರೆಟ್ ಚೇತರಿಸಿಕೊಂಡಳು. ಹೊಕ್ಕುಳಿನ ಮೂಲಕವೇ ಮಲ ವಿಸರ್ಜನೆ ಮಾಡುತ್ತ ಎಷ್ಟೋ ವರ್ಷ ಬದುಕಿದಳು.

ಒಳಗೆ ಸೋರಿದ್ದರೆ ಸಾವು. ಹೊರಗೆ ದಾರಿ ಸಿಕ್ಕಿದ್ದರಿಂದ ಬದುಕು. ಇಷ್ಟೇ ವ್ಯತ್ಯಾಸ. ಇವತ್ತು ವೈದ್ಯರು ಸ್ಟೋಮಾ ಎಂದು ಕರೆಯುವುದು ಇಂಥ ದಾರಿಯನ್ನೇ. ಹೊಟ್ಟೆಯ ಮೇಲೆ ಬೇಕೆಂದೇ ಮಾಡಿದ ಒಂದು ಬಾಯಿ. ಕರುಳಿನ ತುದಿಯನ್ನು ಅಲ್ಲಿ ತಂದು ಹೊಲಿಯುತ್ತಾರೆ, ಮೇಲೊಂದು ಚೀಲ ಅಂಟಿಸುತ್ತಾರೆ.

ಈ ಬಾಯಿಯನ್ನು ಮಾಡಲು ವೈದ್ಯರು ಕಲಿತದ್ದು ನಿಧಾನವಾಗಿ. 1776ರಲ್ಲಿ ಫ್ರಾನ್ಸಿನ ರೂಆನ್ ಎಂಬ ಊರಿನ ಪಿಲ್ಲೋರ್ ಎಂಬ ವೈದ್ಯ, ಗಡ್ಡೆಯಿಂದ ಮಲದ್ವಾರದ ದಾರಿ ಕಟ್ಟಿಹೋಗಿದ್ದ ವ್ಯಾಪಾರಿಯೊಬ್ಬನಿಗೆ ಹೊಟ್ಟೆಯ ಬಲಗಡೆ ಬಾಯಿ ಮಾಡಿದ. ಶಸ್ತ್ರಚಿಕಿತ್ಸೆ ಗೆದ್ದಿತು, ರೋಗಿ ಸೋತ. ಕಟ್ಟಿದ್ದು ಬಿಡಲೆಂದು ಮೊದಲೇ ಕುಡಿಸಿದ್ದ ಎರಡು ಪೌಂಡು ಪಾದರಸದ ಭಾರಕ್ಕೆ ಒಳಗಿನ ಕರುಳು ಕೊಳೆತು ಇಪ್ಪತ್ತೆಂಟನೆಯ ದಿನ ತೀರಿಕೊಂಡ. 1793ರಲ್ಲಿ ಬ್ರೆಸ್ಟ್ ಎಂಬ ಬಂದರಿನಲ್ಲಿ ಡ್ಯೂರೆ ಎಂಬಾತ ಗುದದ್ವಾರವೇ ಇಲ್ಲದೆ ಹುಟ್ಟಿದ ಗಂಡುಮಗುವಿಗೆ ಎಡಗಡೆ ಬಾಯಿ ಮಾಡಿದ. ಆ ಮಗು ದೊಡ್ಡವನಾಗಿ ನಲವತ್ತೈದು ವರ್ಷ ಬದುಕಿತು.

ವೈದ್ಯರು ಬಾಯಿ ಮಾಡಲು ಕಲಿತರು, ನಿಜ. ಆದರೆ ಅದನ್ನಿಟ್ಟುಕೊಂಡು ಮದುವೆಮನೆಗೆ ಹೋಗುವುದು ಹೇಗೆ, ಬಸ್ಸಿನಲ್ಲಿ ಕೂರುವುದು ಹೇಗೆ? ಅದಕ್ಕೆ ಉತ್ತರ ಹುಡುಕಿದ್ದು ಹೆಂಗಸರು. 1954ರಲ್ಲಿ ಡೆನ್ಮಾರ್ಕಿನ ನರ್ಸ್ ಎಲಿಸ ಸೊರೆನ್ಸೆನ್‌ಳ ತಂಗಿಗೆ ಸ್ಟೋಮಾ ಆಯಿತು. ಎಲ್ಲಿ ಸೋರುತ್ತದೋ, ಎಲ್ಲಿ ವಾಸನೆ ಬರುತ್ತದೋ ಎಂದು ಆಕೆ ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟಳು. ಅಕ್ಕ ಯೋಚಿಸಿದಳು. ತೆಳುವಾದ ಪ್ಲಾಸ್ಟಿಕ್ ಚೀಲ, ಅದರ ಬಾಯಿಗೆ ಚರ್ಮಕ್ಕೆ ಅಂಟುವ ಒಂದು ಉಂಗುರ. ತುಂಬಿದಾಗ ತೆಗೆದು ಬಿಸಾಡಿದರಾಯಿತು. ಪ್ಲಾಸ್ಟಿಕ್ ಕಾರ್ಖಾನೆಯ ಯಜಮಾನ ಆಗೆ ಲೂಯಿ-ಹ್ಯಾನ್ಸೆನ್ ಮೊದಲು ಇದನ್ನು ಮಾಡಲು ಒಪ್ಪಲಿಲ್ಲ. ಅವನ ಹೆಂಡತಿಯೂ ನರ್ಸ್ ಆಗಿದ್ದವಳು. ಅವಳು ಬಿಡದೆ ಹೇಳಿ ಒಪ್ಪಿಸಿದಳು. ಅದರಿಂದಲೇ 1957ರಲ್ಲಿ ಕೊಲೊಪ್ಲಾಸ್ಟ್ ಕಂಪೆನಿ ಹುಟ್ಟಿತು. ಲೂಯಿಸಾ ರಾಣಿ ಹೇಳಲಾರದೆಯೋ ಉಳಿಸಲಾರದೆಯೋ ಸತ್ತ ಅದೇ ಡೆನ್ಮಾರ್ಕಿನಲ್ಲಿ, ಇನ್ನೂರು ವರ್ಷಗಳ ಮೇಲೆ, ಒಬ್ಬ ಅಕ್ಕ ತಂಗಿಯ ಹೊಟ್ಟೆಯನ್ನು ಕಣ್ಣಿಟ್ಟು ನೋಡಿದ್ದರಿಂದ ಇದು ಸಾಧ್ಯವಾಯಿತು.

ಅಮೆರಿಕದಲ್ಲಿ ನಾರ್ಮಾ ಗಿಲ್ ಎಂಬ ಹೆಂಗಸು ತನಗೇ ಸ್ಟೋಮಾ ಆದ ಮೇಲೆ ಇತರ ರೋಗಿಗಳಿಗೆ ಹೇಳಿಕೊಡತೊಡಗಿದಳು. ಅವಳಿಗೆ ಶಸ್ತ್ರಚಿಕಿತ್ಸೆ ಮಾಡಿದ್ದ ಡಾಕ್ಟರ್ ರೂಪರ್ಟ್ ಟರ್ನ್‌ಬುಲ್, 1958ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಅವಳನ್ನು ಅದೇ ಕೆಲಸಕ್ಕೆ ಇಟ್ಟುಕೊಂಡ. 1961ರ ಹೊತ್ತಿಗೆ ಅಲ್ಲಿ ಅದಕ್ಕೊಂದು ತರಬೇತಿ ಶಾಲೆಯೇ ಆಯಿತು. ಅನುಭವಿಸಿದವಳೇ ಗುರುವಾದಳು.

ಇಷ್ಟಾದರೂ ಹರ್ನಿಯಾ ಬೆನ್ನು ಬಿಡುವುದಿಲ್ಲ. ನಲ್ಲಿಯ ಪೈಪು ತೂರಿಸಲು ಗೋಡೆಗೆ ತೂತು ಹೊಡೆದರೆ ಆ ಪೈಪಿನ ಸುತ್ತಲೇ ಗಾರೆ ಬಿರುಕು ಬಿಡುವುದನ್ನು ನೋಡಿದ್ದೀರಲ್ಲ. ಸ್ಟೋಮಾ ಎಂದರೂ ಹೊಟ್ಟೆಯ ಗೋಡೆಗೆ ಮಾಡಿದ ತೂತೇ. ಕೆಮ್ಮು, ಭಾರ ಎತ್ತುವುದು, ಬೊಜ್ಜು, ವಯಸ್ಸು, ಎಲ್ಲ ಸೇರಿ ಆ ತೂತನ್ನು ಹಿಗ್ಗಿಸುತ್ತವೆ. ಸ್ಟೋಮಾದ ಪಕ್ಕದಲ್ಲೇ ಕರುಳು ಉಬ್ಬುತ್ತದೆ. ವರ್ಷಗಳು ಕಳೆದಂತೆ ಬಹಳ ಮಂದಿಗೆ ಇದು ಬರುತ್ತದೆ. ಹೆಚ್ಚಿನವರಿಗೆ ಹೊಟ್ಟೆಪಟ್ಟಿ ಕಟ್ಟಿಕೊಂಡು ಇದ್ದರೆ ಸಾಕು. ಕೆಲವರಿಗೆ ಜಾಲರಿ ಹಾಕಿ ಗೋಡೆ ಗಟ್ಟಿಮಾಡುತ್ತಾರೆ. ಶುಗರ್‌ಬೇಕರ್ ಎಂಬ ಅಮೆರಿಕದ ವೈದ್ಯ 1985ರಲ್ಲಿ ಪ್ರಕಟಿಸಿದ ವಿಧಾನವನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಅಪರೂಪಕ್ಕೆ ಕೆಲವರಿಗೆ ಮಾತ್ರ, ಕ್ಯಾರೊಲಿನಳಿಗೆ ಆದಂತೆ, ಅದು ಬಿಗಿದುಕೊಂಡು ಕರುಳು ಸಾಯುತ್ತದೆ.

ಆ ಅಪರೂಪ ನಮ್ಮ ಮನೆಗೇ ಬಂತು. ತಿಪಟೂರಿನ ನನ್ನ ಸೋದರತ್ತೆಗೆ 2013ರಲ್ಲಿ ಗುದದ್ವಾರದ ಹತ್ತಿರ ಕ್ಯಾನ್ಸರ್ ಆಗಿ, ಶಸ್ತ್ರಚಿಕಿತ್ಸೆ ಮಾಡಿ ಹೊಟ್ಟೆಯ ಎಡಕ್ಕೆ ಶಾಶ್ವತವಾದ ಸ್ಟೋಮಾ ಮಾಡಿದ್ದರು. ಕ್ಯಾನ್ಸರ್ ಗೆದ್ದ ಹೆಂಗಸು. ಚೀಲ ಬದಲಾಯಿಸುವುದನ್ನು ತಾನೇ ಕಲಿತು, ಕೊಬ್ಬರಿ ಅಂಗಳಕ್ಕೆ ಮೊದಲಿನಂತೆ ಓಡಾಡಿಕೊಂಡಿದ್ದಳು. ಮೂರು ವರ್ಷದ ಮೇಲೆ ಪಕ್ಕದಲ್ಲಿ ಊತ ಕಾಣಿಸಿತು. ಸೊಸೆ ಕೇಳಿದರೆ, "ಅಯ್ಯೋ, ವಯಸ್ಸಾದ ಹೊಟ್ಟೆ ಕಣೇ, ಜೋತುಬಿದ್ದಿದೆ ಅಷ್ಟೆ" ಎಂದು ಸೆರಗು ಎಳೆದುಕೊಳ್ಳುತ್ತಿದ್ದಳು. ನೆರಿಗೆಯನ್ನು ಎಡಕ್ಕೆ ಸ್ವಲ್ಪ ಹೆಚ್ಚು ಇಟ್ಟು ಸೀರೆ ಉಡತೊಡಗಿದಳು. ಮತ್ತೆ ಆಸ್ಪತ್ರೆ, ಮತ್ತೆ ಖರ್ಚು, ಮತ್ತೆ ಮಗನಿಗೆ ರಜೆ ಹಾಕಿಸುವುದು. ಹೇಳದೇ ಇರಲು ಅವಳಿಗೆ ಕಾರಣಗಳಿದ್ದವು. ರಾಣಿಗೆ ದೊರೆಯ ಭಯ, ಅತ್ತೆಗೆ ಮನೆಯ ಖರ್ಚಿನ ಭಯ.

2018ರ ಶ್ರಾವಣದಲ್ಲಿ ಒಂದು ದಿನ ಹೊಟ್ಟೆನೋವು, ವಾಂತಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಹೊಟ್ಟೆ ಮುಟ್ಟಿ ನೋಡದೆಯೇ ಗ್ಯಾಸ್ ಎಂದು ಮಾತ್ರೆ ಕೊಟ್ಟು ಕಳಿಸಿದರು. ಅತ್ತೆಯೂ ಸೆರಗು ಸರಿಸಿರಲಿಲ್ಲ. ಆವತ್ತು ರಾತ್ರಿ ಚೀಲ ಖಾಲಿಯಾಗಿಯೇ ಇದ್ದುದನ್ನು ಸೊಸೆ ಗಮನಿಸಿದಳು. ಊತ ಕಲ್ಲಿನಂತೆ ಗಟ್ಟಿಯಾಗಿತ್ತು. ಯಾವಾಗಲೂ ದಾಸವಾಳದ ಕೆಂಪಿರುತ್ತಿದ್ದ ಸ್ಟೋಮಾ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. "ಅತ್ತೆ, ಬಣ್ಣ ಬೇರೆ ಆಗಿದೆ, ಏಳಿ" ಎಂದವಳೇ ಪಕ್ಕದ ಮನೆಯವರ ಕಾರು ಕೇಳಿ, ಗಂಡ ಊರಲ್ಲಿಲ್ಲದಿದ್ದರೂ ಕಾಯದೆ, ತುಮಕೂರಿಗೆ ಹೊರಟುಬಿಟ್ಟಳು. ಬೆಳಗಿನ ಜಾವ ಶಸ್ತ್ರಚಿಕಿತ್ಸೆ ಆಯಿತು. ಒಂದು ಅಡಿಯಷ್ಟು ಸಣ್ಣಕರುಳು ಸಿಕ್ಕಿಕೊಂಡು ಕಪ್ಪಾಗಿತ್ತು, ಇನ್ನೂ ಒಡೆದಿರಲಿಲ್ಲ. ಸತ್ತದ್ದನ್ನು ತೆಗೆದು, ಜೀವವಿದ್ದ ಎರಡು ತುದಿಗಳನ್ನು ಜೋಡಿಸಿ, ಹಿಗ್ಗಿದ ಗೋಡೆಯನ್ನು ಹೊಲಿದರು. ಸೋಂಕಿನ ಭಯವಿದ್ದುದರಿಂದ ಆಗ ಜಾಲರಿ ಹಾಕಲಿಲ್ಲ. "ಬೆಳಗಾಗಲಿ ಎಂದು ಕಾದಿದ್ದರೆ ಕಷ್ಟವಿತ್ತು" ಎಂದು ಡಾಕ್ಟರು ಸೊಸೆಗೆ ಹೇಳಿದರು. ಅತ್ತೆಗೆ ಆಗ ಎಪ್ಪತ್ತೊಂದು.

ಅರಮನೆಯಲ್ಲಿ ಇಷ್ಟು ಮಂದಿ ವೈದ್ಯರಿದ್ದೂ ರಾಣಿಗೆ ಸಿಗದೇ ಹೋದದ್ದು ಇದೇ ಅಲ್ಲವೇ, ಹೊತ್ತಿಗೆ ಸರಿಯಾಗಿ ಬಟ್ಟೆ ಸರಿಸಿ ನೋಡುವ ಒಂದು ಜೊತೆ ಕಣ್ಣು! ಆ ಕಾಲದ ಶಸ್ತ್ರವಿದ್ಯೆಗೆ ಮಿತಿಗಳಿದ್ದವು, ಬೇಗ ಹೇಳಿದ್ದರೂ ಅವಳು ಬದುಕುತ್ತಿದ್ದಳೆಂದು ಆಣೆ ಮಾಡಿ ಹೇಳಲಾಗದು. ಇವತ್ತು ಹಾಗಲ್ಲ. ಇವತ್ತು ಹೇಳಿದರೆ ದಾರಿಯಿದೆ. ಹೇಳದಿದ್ದರೆ ಮಾತ್ರ ನಾವು ಇನ್ನೂ 1737ರಲ್ಲೇ ಇರುತ್ತೇವೆ.

ಆದ್ದರಿಂದ ಒಂದೆರಡು ಮಾತು ನೆನಪಿಟ್ಟುಕೊಳ್ಳಿ. ಹೊಕ್ಕುಳಲ್ಲೋ, ತೊಡೆಸಂದಿಯಲ್ಲೋ, ಹಳೆಯ ಹೊಲಿಗೆಯ ಮೇಲೋ, ಸ್ಟೋಮಾದ ಪಕ್ಕದಲ್ಲೋ ಊತವಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿಡಿ. ಮಲಗಿದರೆ ಒಳಹೋಗುತ್ತಿದ್ದದ್ದು ಹೋಗದಿದ್ದರೆ, ಗಟ್ಟಿಯಾಗಿ ಮುಟ್ಟಿದರೆ ನೋಯುತ್ತಿದ್ದರೆ, ವಾಂತಿ ಬಂದು ಮಲವೂ ವಾಯುವೂ ನಿಂತರೆ, ಸ್ಟೋಮಾದ ಕೆಂಪು ನೇರಳೆಗೋ ಕಪ್ಪಿಗೋ ತಿರುಗಿದರೆ, ಆವತ್ತೇ, ಆ ಹೊತ್ತಿಗೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಒತ್ತಿ ಒಳಗೆ ತಳ್ಳುವುದು, ಶಾಖ ಕೊಡುವುದು, ಭೇದಿಗೆ ಕುಡಿಸುವುದು ಬೇಡವೇ ಬೇಡ.

ಅತ್ತೆ ಚೇತರಿಸಿಕೊಂಡ ಮೇಲೆ ಅವಳ ಬಾಯಿಗೆ ಬಂದ ಧೈರ್ಯ ನೋಡಿ ನಮಗೆಲ್ಲ ಆಶ್ಚರ್ಯ. ಕಳೆದ ವರ್ಷ ಸಂಬಂಧಿಕರ ಸೀಮಂತದಲ್ಲಿ, ಮೂರು ಹೆರಿಗೆಯಾದ ಹೆಣ್ಣುಮಗಳೊಬ್ಬಳು ಪದೇಪದೇ ಸೆರಗನ್ನು ಹೊಕ್ಕುಳ ಮೇಲೆ ಎಳೆದುಕೊಳ್ಳುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಅಡುಗೆಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ, "ಎಷ್ಟು ದಿನದಿಂದ ಮುಚ್ಕೊಂಡಿದ್ದೀಯಾ ಮಗಾ?" ಎಂದು ಕೇಳಿದಳಂತೆ. ನಾಲ್ಕು ವರ್ಷವಾಗಿತ್ತು. ಮುಂದಿನ ತಿಂಗಳೇ ಆ ಹುಡುಗಿಗೆ ನಿಗದಿಯಾದ ದಿನದಲ್ಲಿ, ಯಾವ ಗಾಬರಿಯೂ ಇಲ್ಲದೆ ಶಸ್ತ್ರಚಿಕಿತ್ಸೆ ಆಯಿತು. ಮೂರನೆಯ ದಿನ ಮನೆಗೆ ಬಂದಳು. ಭಾರ ಎತ್ತಕೂಡದೆಂದು ಡಾಕ್ಟರು ಹೇಳಿದ್ದರಿಂದ ಅವಳ ಮನೆಯಲ್ಲಿ ಈಗ ನೀರಿನ ಕೊಡ ಹೊರುವುದು ಗಂಡನ ಪಾಲಿಗೆ ಬಂದಿದೆ.